ಬಣ್ಣದ ಪೇಟೆಗೆ ಬಂದ ಯೂರೋಪಿನ ಕಾಯಿದೆ

ಮುಂಬಯಿಯ ಇತಿಹಾಸ ಬರೆದವರು ಹತ್ತಿಯ ಬಗ್ಗೆ, ಗಿರಣಿಗಳ ಬಗ್ಗೆ, ಬಂದರಿನ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಗಿರಣಿಯ ಬಟ್ಟೆಗೆ ಏರಿದ ಬಣ್ಣದ ಬಗ್ಗೆ ಬರೆದದ್ದು ಕಡಿಮೆ. ಆ ಬಣ್ಣವನ್ನು ತಯಾರಿಸಿದ ಕೈಗಳ ಬಗ್ಗೆ ಬರೆದದ್ದು ಇನ್ನೂ ಕಡಿಮೆ. ಈ ಲೇಖನ ಅಂಥ ಒಂದು ಎಳೆಯನ್ನು ಹಿಡಿದು ಹೊರಟಿದೆ. ರಾಸಾಯನಿಕಗಳ ಅಪಾಯವನ್ನು ಕುರಿತು ಯೂರೋಪಿನಲ್ಲಿ ಹೊಸದೊಂದು ತಿಳಿವು, ಅದರ ಬೆನ್ನಿಗೆ ಹೊಸದೊಂದು ನಿಯಮ ಹುಟ್ಟಿದಾಗ ಅದರ ಸುದ್ದಿ ಮುಂಬಯಿಯ ತಯಾರಕನಿಗೆ ಹೇಗೆ ತಲುಪಿತು? ಎಷ್ಟು ವರ್ಷಗಳ ಮೇಲೆ ತಲುಪಿತು? ತಲುಪಿದ ಮೇಲೆ ಎಲ್ಲಿಗೆ ಬಂದು ನಿಂತಿತು? ನೂರು ವರ್ಷಗಳಿಗೂ ಮೀರಿದ ಈ ಕಥೆಯಲ್ಲಿ ಸುದ್ದಿಯ ವೇಗ ಹೆಚ್ಚುತ್ತಾ ಬಂದಿದೆ. ಆದರೆ ಅದು ಬಂದು ನಿಲ್ಲುವ ಜಾಗ ಮಾತ್ರ ಹೆಚ್ಚು ಬದಲಾಗಿಲ್ಲ ಎಂಬುದು ನನ್ನ ಗ್ರಹಿಕೆ.

೧

ಗಿರಣಿಗಳ ಮುಂಬಯಿಯೂ ಕೃತಕ ಬಣ್ಣವೂ ಒಂದೇ ವರ್ಷದ ಕೂಸುಗಳೆಂದರೆ ತಪ್ಪಾಗಲಾರದು. ಕಾವಸಜಿ ದಾವರ್ ಸ್ಥಾಪಿಸಿದ ನಗರದ ಮೊದಲ ಹತ್ತಿ ಗಿರಣಿ ಕೆಲಸ ಆರಂಭಿಸಿದ್ದು 1856ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಹದಿನೆಂಟರ ಹರೆಯದ ವಿಲಿಯಂ ಹೆನ್ರಿ ಪರ್ಕಿನ್ ಮಲೇರಿಯಾದ ಮದ್ದಾದ ಕ್ವಿನೈನನ್ನು ತಯಾರಿಸಲು ಹೋಗಿ, ಕಲ್ಲಿದ್ದಲಿನ ಡಾಂಬರಿನಿಂದ ಬಂದ ವಸ್ತುವಿನಲ್ಲಿ ನೇರಳೆ ಬಣ್ಣವೊಂದನ್ನು ಕಂಡ. ಮುಂದಿನ ನಲವತ್ತು ವರ್ಷಗಳಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರು ಮಂಜಿಷ್ಠದ ಕೆಂಪನ್ನು, ಕೊನೆಗೆ ನಮ್ಮ ನೀಲಿಯನ್ನೂ ಕಾರ್ಖಾನೆಯಲ್ಲಿ ತಯಾರಿಸಿ ತೋರಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದ ಮೇಲೆ ಬಂಗಾಳ, ಬಿಹಾರಗಳ ನೀಲಿಯ ಹೊಲಗಳು ಬರಿದಾದ ಕಥೆ ಎಲ್ಲರಿಗೂ ತಿಳಿದದ್ದೇ.

ಸ್ವಾತಂತ್ರ್ಯ ಬರುವವರೆಗೂ ಮುಂಬಯಿ ಬಣ್ಣವನ್ನು ಕೊಳ್ಳುವ ಊರಾಗಿತ್ತೇ ಹೊರತು ತಯಾರಿಸುವ ಊರಾಗಿರಲಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡುಗಳಿಂದ ಹಡಗಿನಲ್ಲಿ ಬಂದ ಪುಡಿ ಗಿರಣಿಗಳಿಗೂ ಪೇಟೆಗೂ ಹಂಚಿಹೋಗುತ್ತಿತ್ತು. ಮಸ್ಜಿದ್ ಬಂದರಿನ ಬಳಿಯ ವಡಗಾದಿ ಬಣ್ಣ ಮತ್ತು ರಾಸಾಯನಿಕಗಳ ಪೇಟೆಯಾಗಿ ಬೆಳೆಯಿತು. ಅಲ್ಲಿ ಒಂದು ಬಣ್ಣಕ್ಕೆ ಹಲವು ಹೆಸರು. ಪುಸ್ತಕದ ಹೆಸರು ಒಂದು, ಕಂಪನಿಯ ಹೆಸರು ಇನ್ನೊಂದು, ಪೇಟೆಯ ಹೆಸರು ಮತ್ತೊಂದು. ಈ ಹೆಸರುಗಳ ಗೋಜಲು ಮುಂದೆ ದೊಡ್ಡ ತೊಡಕಾಗಲಿತ್ತು.

1933ರ ಅಕ್ಟೋಬರ್ 1ರಂದು ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ ಆರಂಭವಾಯಿತು. ಯುಡಿಸಿಟಿ ಎಂದೇ ಹೆಸರಾದ ಈ ಸಂಸ್ಥೆ ನೆಲೆಸಿದ್ದು ಮಾಟುಂಗದಲ್ಲಿ, ಅಂದರೆ ಮೈಸೂರು ಅಸೋಸಿಯೇಷನ್ನಿನ, ಕರ್ನಾಟಕ ಸಂಘದ ನೆರೆಯಲ್ಲಿ. ಅದರ ಮೊದಲ ಭಾರತೀಯ ನಿರ್ದೇಶಕರಾದ ಕೆ. ವೆಂಕಟರಾಮನ್ ಬಣ್ಣಗಳ ರಸಾಯನಶಾಸ್ತ್ರವನ್ನು ಕುರಿತು 1952ರಲ್ಲಿ ಎರಡು ಸಂಪುಟಗಳ ಗ್ರಂಥ ಪ್ರಕಟಿಸಿದರು. ಜಗತ್ತಿನ ಬಣ್ಣದ ಕಾರ್ಖಾನೆಗಳ ಗ್ರಂಥಾಲಯಗಳಲ್ಲೆಲ್ಲ ಅದಕ್ಕೆ ಸ್ಥಾನ ದೊರಕಿತು. ಅವರ ಮತ್ತು ಅವರ ಸಹೋದ್ಯೋಗಿಗಳ ಕೈಯಲ್ಲಿ ಕಲಿತ ತಲೆಮಾರು ಮುಂಬಯಿಯ ಸುತ್ತ ಹೊಸ ಉದ್ಯಮವೊಂದನ್ನು ಕಟ್ಟಿತು. ಕಲ್ಯಾಣದಲ್ಲಿ ಇಂಡಿಯನ್ ಡೈಸ್ಟಫ್ ಇಂಡಸ್ಟ್ರೀಸ್, ಠಾಣೆಯಲ್ಲಿ ಕಲರ್‌ಕೆಮ್, ಉತ್ತರಕ್ಕೆ ವಲ್ಸಾಡಿನ ಬಳಿ ಅತುಲ್ ಬಂದವು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ, ಡೊಂಬಿವಲಿ, ಅಂಬರನಾಥ, ತಳೋಜಾ, ತಾರಾಪುರಗಳಲ್ಲೂ ಸಣ್ಣ ದೊಡ್ಡ ಕಾರ್ಖಾನೆಗಳು ಎದ್ದವು.

ಕನ್ನಡ ಓದುಗರಿಗೆ ಈ ಲೋಕ ತೀರ ಅಪರಿಚಿತವಲ್ಲ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಮಾಟುಂಗದ ಇದೇ ಸಂಸ್ಥೆಯಲ್ಲಿ ಓದಿ, ಅಮೆರಿಕದಲ್ಲಿ ಮುಂದಿನ ವ್ಯಾಸಂಗ ಮಾಡಿ, ಪ್ಲಾಸ್ಟಿಕ್ಕು ಮತ್ತು ರಾಳಗಳ ಉದ್ಯಮದಲ್ಲಿ ತಂತ್ರಜ್ಞರಾಗಿ ದುಡಿದವರು. 1979ರ ‘ಶಿಕಾರಿ’ಯ ನಾಗಪ್ಪ ಇಂಥದೇ ಉದ್ಯಮದ ಅಧಿಕಾರಿ. ಅವನ ಸಂಕಟ ಆರಂಭವಾಗುವುದು ಅಮಾನತಿನ ಕಾಗದವೊಂದರಿಂದ. ಕಚೇರಿಯ ಕಾಗದ ಮನುಷ್ಯನ ಬದುಕಿಗೆ ಹೇಗೆ ಕೈಹಾಕುತ್ತದೆಂಬುದನ್ನು ಬಲ್ಲ ಲೇಖಕ ನಮಗೆ ದೊರಕಿದ್ದು ಈ ಉದ್ಯಮದ ಒಳಗಿನಿಂದಲೇ. ಮುಂಬಯಿಯ ಔಷಧ ಕಂಪನಿಗಳಲ್ಲಿ ಬಯೋಕೆಮಿಸ್ಟ್ ಆಗಿ ದುಡಿದ ಜಯಂತ ಕಾಯ್ಕಿಣಿಯವರನ್ನೂ ಇಲ್ಲಿ ನೆನೆಯಬಹುದು.

ಈ ಕಾರ್ಖಾನೆಗಳಲ್ಲಿ ಹೆಚ್ಚಾಗಿ ತಯಾರಾದದ್ದು ಆಝೋ ವರ್ಗದ ಬಣ್ಣಗಳು. ಅವುಗಳ ಪಾಕ ತಿಳಿದರೆ ಮುಂದಿನ ಕಥೆ ಸುಲಭವಾಗುತ್ತದೆ. ಅಮೈನ್ ಎಂಬ ಜಾತಿಯ ವಸ್ತುವೊಂದನ್ನು ತೊಟ್ಟಿಯಲ್ಲಿ ಹಾಕಿ, ಮಂಜುಗಡ್ಡೆ ಸುರಿದು, ಆಮ್ಲ ಮತ್ತು ಸೋಡಿಯಂ ನೈಟ್ರೈಟ್ ಬೆರೆಸಬೇಕು. ಆ ಚಳಿಯಲ್ಲೇ ಇನ್ನೊಂದು ವಸ್ತುವನ್ನು ಅದಕ್ಕೆ ಜೋಡಿಸಬೇಕು. ಜೋಡಣೆಯಾದ ಕ್ಷಣದಲ್ಲಿ ತೊಟ್ಟಿಯಲ್ಲಿ ಬಣ್ಣ ಹುಟ್ಟುತ್ತದೆ. ಆಮೇಲೆ ಉಪ್ಪು ಹಾಕಿ ಇಳಿಸಿ, ಸೋಸಿ, ಒಣಗಿಸಿ, ಪುಡಿಮಾಡಿದರಾಯಿತು. ಭಾರೀ ಯಂತ್ರ ಬೇಡ, ಹೆಚ್ಚಿನ ಒತ್ತಡ ಬೇಡ. ತೊಟ್ಟಿ, ಮಂಜುಗಡ್ಡೆ, ಒಂದಿಷ್ಟು ಕೂಲಿಯಾಳುಗಳಿದ್ದರೆ ಸಾಕು. ಆದ್ದರಿಂದಲೇ ಸಣ್ಣ ಬಂಡವಾಳದವರಿಗೆ ಇದು ಒಗ್ಗಿತು. ಆದರೆ ಜೋಡಿಸಿದ್ದು ಬಿಚ್ಚಿಕೊಳ್ಳಲೂಬಹುದು. ದೇಹದ ಒಳಗೆ, ಚರ್ಮದ ಮೇಲಿನ ಬ್ಯಾಕ್ಟೀರಿಯಗಳ ನಡುವೆ ಕೆಲವು ಬಣ್ಣಗಳು ಒಡೆದು ಮೂಲದ ಅಮೈನ್ ಹೊರಗೆ ಬರುತ್ತದೆ. ಆ ಅಮೈನುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು.

೨

ಈ ಸಂಗತಿ ಮೊದಲು ಬೆಳಕಿಗೆ ಬಂದದ್ದು ಬಟ್ಟೆ ತೊಟ್ಟವರಿಂದಲ್ಲ, ಬಣ್ಣ ತಯಾರಿಸಿದವರಿಂದ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಫುಕ್ಸಿನ್ ಎಂಬ ಕೆಂಪು ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಕಂಡು ವೈದ್ಯರ ಸಭೆಯ ಮುಂದಿಟ್ಟ. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಜರ್ಮನಿಯಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ಇಂಥ ವರದಿಗಳು ಬಂದವು. 1921ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅವುಗಳನ್ನೆಲ್ಲ ಕೂಡಿಸಿ, ಅನಿಲೀನ್ ಕಾರ್ಖಾನೆಗಳ ಕಾರ್ಮಿಕರ ಮೂತ್ರಕೋಶದ ಕ್ಯಾನ್ಸರನ್ನು ಕುರಿತು ಒಂದು ಪುಸ್ತಿಕೆ ಪ್ರಕಟಿಸಿತು. ಬೆಂಜಿಡಿನ್ ಮತ್ತು ಬೀಟಾ ನ್ಯಾಫ್ತೈಲಮೈನ್ ಎಂಬ ಎರಡು ವಸ್ತುಗಳ ಮೇಲೆ ಅದು ಬೆರಳಿಟ್ಟಿತು. 1919ರಿಂದಲೇ ಭಾರತ ಆ ಸಂಸ್ಥೆಯ ಸದಸ್ಯ ದೇಶ ಎಂಬುದನ್ನು ಇಲ್ಲಿ ಗಮನಿಸಬೇಕು.

ಬ್ರಿಟನ್ನಿನ ದೊಡ್ಡ ಕಂಪನಿ ಬೀಟಾ ನ್ಯಾಫ್ತೈಲಮೈನ್ ತಯಾರಿಕೆಯನ್ನು 1949ರಲ್ಲಿ ನಿಲ್ಲಿಸಿತು. 1954ರಲ್ಲಿ ಕೇಸ್ ಮತ್ತು ಸಂಗಡಿಗರ ಸಮೀಕ್ಷೆ ಬ್ರಿಟಿಷ್ ಕಾರ್ಖಾನೆಗಳ ಸಾವಿನ ಲೆಕ್ಕವನ್ನು ಬಯಲಿಗಿಟ್ಟಿತು. 1967ರಲ್ಲಿ ಅಲ್ಲಿನ ಸರ್ಕಾರ ಈ ಎರಡು ವಸ್ತುಗಳ ತಯಾರಿಕೆ ಮತ್ತು ಬಳಕೆಯನ್ನು ನಿಷೇಧಿಸುವ ನಿಯಮ ತಂದಿತು. ರೇನ್ ಮಾತಾಡಿದ ಮೇಲೆ ಎಪ್ಪತ್ತೆರಡು ವರ್ಷ. ಯೂರೋಪು ತನ್ನ ಕಾರ್ಮಿಕರ ಮಾತಿಗೆ ಕಿವಿಗೊಟ್ಟ ವೇಗವೂ ಇಷ್ಟೇ ಆಗಿತ್ತು.

ಅಲ್ಲಿ ನಿಂತದ್ದು ಇಲ್ಲಿ ನಿಲ್ಲಲಿಲ್ಲ. ಬೆಂಜಿಡಿನ್ ಮೂಲದ ಬಣ್ಣಗಳು ಅಗ್ಗ. ಹತ್ತಿಗೆ ನೇರವಾಗಿ ಹತ್ತುತ್ತವೆ. 1884ರಲ್ಲಿ ಕಂಡುಹಿಡಿದ ಕಾಂಗೋ ರೆಡ್ ಈ ಕುಲದ ಹಿರಿಯ. ಯೂರೋಪಿನ ಕಾರ್ಖಾನೆಗಳು ಕೈಬಿಟ್ಟ ಬಣ್ಣಗಳಿಗೆ ಬೇಡಿಕೆ ಇದ್ದೇ ಇತ್ತು. ಆ ಬೇಡಿಕೆಯನ್ನು ಪೂರೈಸಲು ಏಷ್ಯಾದ ತೊಟ್ಟಿಗಳು ಸಿದ್ಧವಾಗಿದ್ದವು. ತಯಾರಿಸುವ ವಿಧಾನ ಪುಸ್ತಕಗಳಲ್ಲಿ, ಪೇಟೆಂಟುಗಳಲ್ಲಿ ಬಂದಿತು. ಎಚ್ಚರಿಕೆ ವೈದ್ಯಕೀಯ ಪತ್ರಿಕೆಗಳಲ್ಲಿ, ಅನ್ಯದೇಶದ ರಾಜಪತ್ರಗಳಲ್ಲಿ ಉಳಿಯಿತು. ಒಂದೇ ವಸ್ತುವಿಗೆ ಸಂಬಂಧಿಸಿದ ಎರಡು ತಿಳಿವುಗಳು ಎರಡು ಬೇರೆ ದಾರಿಗಳಲ್ಲಿ ಪ್ರಯಾಣ ಮಾಡಿದವು. ಅದರಲ್ಲಿ ಒಂದು ಮಾತ್ರ ಊರು ಸೇರಿತು.

ಯಾರೋ ಒಬ್ಬರು ದುರುದ್ದೇಶದಿಂದ ಮುಚ್ಚಿಟ್ಟರೆಂದು ಇದನ್ನು ಸರಳಗೊಳಿಸಲಾಗದು. ಈ ರೋಗದ ಸ್ವಭಾವವೇ ಹಾಗೆ. ತೊಟ್ಟಿಯ ಬಳಿ ನಿಂತವನಿಗೆ ಗೆಡ್ಡೆ ಕಾಣಿಸಿಕೊಳ್ಳುವುದು ಹದಿನೈದು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳ ಮೇಲೆ. ಮುಂಬಯಿ ವಲಸೆಗಾರರ ಊರು. ಅಷ್ಟು ವರ್ಷಗಳಲ್ಲಿ ಅವನು ಕೆಲಸ ಬದಲಿಸಿರುತ್ತಾನೆ, ಇಲ್ಲವೆ ರತ್ನಾಗಿರಿಗೋ ಕಲಬುರಗಿಗೋ ಜೌನಪುರಕ್ಕೋ ಮರಳಿರುತ್ತಾನೆ. ಕಾರ್ಖಾನೆಯ ಹಾಜರಿ ಪುಸ್ತಕಕ್ಕೂ ಊರಿನ ಆಸ್ಪತ್ರೆಯ ಚೀಟಿಗೂ ನಂಟು ಬೆಸೆಯುವವರಿಲ್ಲ. ಹೀಗಾಗಿ ಅಪಾಯದ ಸುದ್ದಿ ನಮ್ಮೊಳಗಿನಿಂದಲೇ ಹುಟ್ಟುವ ದಾರಿಯೂ ಮುಚ್ಚಿತ್ತು.

೩

ಸುದ್ದಿ ಕೊನೆಗೆ ಬಂದದ್ದು ಗಿರಾಕಿಯ ಬಾಯಿಂದ. ಅದರ ಮುನ್ಸೂಚನೆ ಸಿಕ್ಕಿದ್ದು ಚರ್ಮದಲ್ಲಿ. ಬೂಷ್ಟು ಹಿಡಿಯದಂತೆ ಚರ್ಮಕ್ಕೆ ಹಚ್ಚುತ್ತಿದ್ದ ಪೆಂಟಾಕ್ಲೋರೋಫಿನಾಲ್ ಎಂಬ ವಸ್ತುವನ್ನು ಜರ್ಮನಿ 1989ರಲ್ಲಿ ನಿಷೇಧಿಸಿತು. ಭಾರತದ ಚರ್ಮ ರಫ್ತುದಾರರು ತತ್ತರಿಸಿದರು. ಅದಾದ ಐದು ವರ್ಷಕ್ಕೆ, 1994ರ ಜುಲೈಯಲ್ಲಿ, ಜರ್ಮನಿ ತನ್ನ ಬಳಕೆ ವಸ್ತುಗಳ ಆದೇಶಕ್ಕೆ ಎರಡನೆಯ ತಿದ್ದುಪಡಿ ತಂದಿತು. ಇಪ್ಪತ್ತು ಅಮೈನುಗಳ ಪಟ್ಟಿಯೊಂದು ಅದರಲ್ಲಿತ್ತು. ಈ ಅಮೈನುಗಳನ್ನು ಬಿಡುಗಡೆ ಮಾಡಬಲ್ಲ ಆಝೋ ಬಣ್ಣವಿರುವ, ಮೈಗೆ ಹೆಚ್ಚು ಹೊತ್ತು ತಾಗುವ ಉಡುಪು, ಹಾಸಿಗೆ ಬಟ್ಟೆ, ಪಾದರಕ್ಷೆಗಳನ್ನು ಜರ್ಮನಿಯಲ್ಲಿ ಮಾರುವಂತಿರಲಿಲ್ಲ.

ಆದೇಶ ಜರ್ಮನ್ ಭಾಷೆಯಲ್ಲಿತ್ತು. ಅದರಲ್ಲಿದ್ದದ್ದು ಅಮೈನುಗಳ ಹೆಸರು, ಬಣ್ಣಗಳ ಹೆಸರಲ್ಲ. ಯಾವ ಬಣ್ಣ ಒಡೆದರೆ ಯಾವ ಅಮೈನ್ ಬರುತ್ತದೆಂಬುದನ್ನು ಓದುವವನೇ ಲೆಕ್ಕಹಾಕಿಕೊಳ್ಳಬೇಕಾಗಿತ್ತು. ಹ್ಯಾಂಬರ್ಗಿನ ಅಂಗಡಿಯಾತ ಮುಂಬಯಿಯ ರಫ್ತುದಾರನನ್ನು ಕೇಳಿದ. ರಫ್ತುದಾರ ಬಟ್ಟೆಗೆ ಬಣ್ಣ ಕಟ್ಟಿದ ಪ್ರೊಸೆಸ್ ಹೌಸನ್ನು ಕೇಳಿದ. ಅವರು ವಡಗಾದಿಯ ವ್ಯಾಪಾರಿಯನ್ನು ಕೇಳಿದರು. ವ್ಯಾಪಾರಿಯ ಗೋದಾಮಿನಲ್ಲಿದ್ದದ್ದು ಹಲವರಿಂದ ಕೊಂಡು, ಉಪ್ಪು ಬೆರೆಸಿ ಬಲ ಹೊಂದಿಸಿದ ಪುಡಿ. ಅದರ ಡಬ್ಬಿಯ ಮೇಲಿದ್ದದ್ದು ಪೇಟೆಯ ಹೆಸರು. ಕೊಂಡಿಯಿಂದ ಕೊಂಡಿಗೆ ಹಿಂದಕ್ಕೆ ನಡೆಯುತ್ತ ಹೋದ ಪ್ರಶ್ನೆ ಇಲ್ಲಿಗೆ ಬಂದು ಎಡವಿತು.

ಈ ಎಡವಟ್ಟನ್ನು ಬಿಡಿಸುವ ಹೊಣೆ ಬಿದ್ದದ್ದು ಮುಂಬಯಿಯ ಸಂಸ್ಥೆಗಳ ಮೇಲೆ. ಸಂಸತ್ತಿನ 1963ರ ಕಾಯಿದೆಯಿಂದ ಹುಟ್ಟಿದ ಟೆಕ್ಸ್‌ಟೈಲ್ಸ್ ಕಮಿಟಿ ಇಂಥ ಪರೀಕ್ಷೆಗಳಿಗಾಗಿ ಪ್ರಯೋಗಾಲಯಗಳನ್ನು ಸಜ್ಜುಗೊಳಿಸಿತು. ಬಟ್ಟೆಯ ತುಂಡಿನಿಂದ ಅಮೈನನ್ನು ಬಿಡಿಸಿ, ಕಿಲೋ ಒಂದಕ್ಕೆ ಮೂವತ್ತು ಮಿಲಿಗ್ರಾಂ ಮೀರಿದೆಯೇ ಎಂದು ಅಳೆಯುವ ಕೆಲಸ ಅದು. ಘಾಟ್‌ಕೋಪರಿನ ಬಿಟಿಆರ್‌ಎ, ವರಳಿಯ ಸಸ್ಮೀರಾ ಮೊದಲಾದ ಜವಳಿ ಸಂಶೋಧನಾ ಸಂಸ್ಥೆಗಳಿಗೂ ಇದು ಹೊಸ ಅಧ್ಯಾಯ. ಡೈಸ್ಟಫ್ ತಯಾರಕರ ಸಂಘ, ‘ಕಲರೇಜ್’, ‘ಕೆಮಿಕಲ್ ವೀಕ್ಲಿ’ಯಂಥ ವೃತ್ತಿಪತ್ರಿಕೆಗಳು, 1974ರಲ್ಲಿ ಬಾಸೆಲ್ಲಿನಲ್ಲಿ ಆರಂಭವಾದ ಎಟಾಡ್ ಎಂಬ ಬಣ್ಣ ತಯಾರಕರ ಅಂತರರಾಷ್ಟ್ರೀಯ ಕೂಟ, ಇವೆಲ್ಲವೂ ಆ ವರ್ಷಗಳಲ್ಲಿ ಸುದ್ದಿಯ ಕಾಲುವೆಗಳು.

1997ರ ಮಾರ್ಚಿನಲ್ಲಿ ಭಾರತ ಸರ್ಕಾರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 70 ಆಝೋ ಬಣ್ಣಗಳನ್ನು ನಿಷೇಧಿಸಿತು. ಅದಕ್ಕೂ ಮುಂಚೆ ನಿಷೇಧಕ್ಕೊಳಗಾಗಿದ್ದ 42 ಬೆಂಜಿಡಿನ್ ಮೂಲದ ಬಣ್ಣಗಳೂ ಸೇರಿ ಒಟ್ಟು 112. ಯೂರೋಪಿನ ಒಕ್ಕೂಟ ತನ್ನ ಎಲ್ಲ ಸದಸ್ಯ ದೇಶಗಳಿಗೂ ಅನ್ವಯಿಸುವಂಥ ಆಝೋ ನಿರ್ದೇಶನವನ್ನು ಹೊರಡಿಸಿದ್ದು 2002ರಲ್ಲಿ. ಅಂದರೆ ಈ ವಿಷಯದಲ್ಲಿ ನಾವು ಒಟ್ಟು ಯೂರೋಪಿಗಿಂತ ಐದು ವರ್ಷ ಮುಂದಿದ್ದೆವು.

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 1921ರ ಜಿನೀವಾದ ಪುಸ್ತಿಕೆಯ ಮಾತು ನಮ್ಮ ಕಾನೂನಾಗಲು ಎಪ್ಪತ್ತು ವರ್ಷಗಳಷ್ಟು ಕಾಲ ಬೇಕಾಯಿತು. 1994ರ ಜರ್ಮನ್ ಆದೇಶದ ಮಾತಿಗೆ ಮೂರೇ ವರ್ಷ ಸಾಕಾಯಿತು. ವಸ್ತುಗಳು ಬಹುಮಟ್ಟಿಗೆ ಅವೇ. ರೋಗವೂ ಅದೇ. ಮೊದಲನೆಯದು ಬಣ್ಣ ತಯಾರಿಸುವವನ ಕುರಿತಾಗಿತ್ತು, ಎರಡನೆಯದು ಬಟ್ಟೆ ಕೊಳ್ಳುವವನ ಕುರಿತಾಗಿತ್ತು. ತಿರಸ್ಕೃತವಾದ ಬಟ್ಟೆಯ ಕಟ್ಟು ಹಡಗಿನಲ್ಲಿ ವಾಪಸು ಬರುತ್ತದೆ. ಅದರ ನಷ್ಟ ಆ ತಿಂಗಳ ಲೆಕ್ಕದಲ್ಲಿಯೇ ಕಾಣುತ್ತದೆ. ಇಪ್ಪತ್ತು ವರ್ಷದ ಮೇಲೆ ಊರಿನಲ್ಲಿ ರಕ್ತ ಕಂಡವನ ನಷ್ಟ ಯಾರ ಲೆಕ್ಕದಲ್ಲೂ ಕಾಣುವುದಿಲ್ಲ.

೪

ಇಷ್ಟಾಗುವ ಹೊತ್ತಿಗೆ ಯೂರೋಪಿನಲ್ಲಿ ಬೇರೊಂದು ಚಿಂತನೆ ನಡೆದಿತ್ತು. 1967ರಿಂದ ಅಲ್ಲಿ ಅಪಾಯಕಾರಿ ವಸ್ತುಗಳ ವರ್ಗೀಕರಣಕ್ಕೆ ನಿರ್ದೇಶನವೊಂದಿತ್ತು. 1981ರ ಸೆಪ್ಟೆಂಬರಿಗೆ ಮೊದಲೇ ಮಾರುಕಟ್ಟೆಯಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ವಸ್ತುಗಳ ಪಟ್ಟಿಯನ್ನೂ ಮಾಡಲಾಗಿತ್ತು. ಹೊಸದಾಗಿ ಬರುವ ವಸ್ತುವಿಗೆ ಪರೀಕ್ಷೆ ಇತ್ತು. ಹಳೆಯ ಲಕ್ಷ ವಸ್ತುಗಳಿಗೆ ಬಹುತೇಕ ಇರಲಿಲ್ಲ. ಅವುಗಳ ಬಗ್ಗೆ ತಿಳಿದದ್ದಕ್ಕಿಂತ ತಿಳಿಯದ್ದೇ ಹೆಚ್ಚು ಎಂಬ ಅರಿವಿನಿಂದ 2001ರಲ್ಲಿ ಶ್ವೇತಪತ್ರವೊಂದು ಬಂದಿತು. ಅದರ ಫಲವಾಗಿ 2006ರ ಡಿಸೆಂಬರಿನಲ್ಲಿ ಎಂಟುನೂರಕ್ಕೂ ಹೆಚ್ಚು ಪುಟಗಳ ನಿಯಮ ರಾಜಪತ್ರದಲ್ಲಿ ಅಚ್ಚಾಯಿತು. ನೋಂದಣಿ, ಮೌಲ್ಯಮಾಪನ, ಅನುಮತಿ, ನಿರ್ಬಂಧ ಎಂಬ ನಾಲ್ಕು ಕ್ರಮಗಳನ್ನು ಒಳಗೊಂಡ ಅದಕ್ಕೆ ‘ರೀಚ್’ ಎಂದು ಹೆಸರಾಯಿತು. 2007ರ ಜೂನ್ 1ರಂದು ಜಾರಿಗೆ ಬಂದ ಈ ನಿಯಮದ ಉಸ್ತುವಾರಿಗೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಯೂರೋಪಿನ ರಾಸಾಯನಿಕ ಸಂಸ್ಥೆ ಸ್ಥಾಪನೆಯಾಯಿತು.

ಅದರ ತಿರುಳು ಒಂದು ಸಾಲಿನದು. ಮಾಹಿತಿ ಇಲ್ಲದ ವಸ್ತುವಿಗೆ ಮಾರುಕಟ್ಟೆ ಇಲ್ಲ. ಅಪಾಯವಿದೆಯೆಂದು ಸರ್ಕಾರ ಸಾಬೀತು ಮಾಡುವ ಬದಲು, ಸುರಕ್ಷಿತವಾಗಿ ಬಳಸಬಹುದೆಂದು ತಯಾರಕನೇ ತೋರಿಸಬೇಕು. ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ಮಾರುವ ಪ್ರತಿಯೊಂದು ವಸ್ತುವನ್ನೂ ನೋಂದಾಯಿಸಬೇಕು. ಯೂರೋಪಿನ ಹೊರಗಿನ ತಯಾರಕ ತಾನೇ ನೋಂದಾಯಿಸುವಂತಿಲ್ಲ. ಒಂದೋ ಅಲ್ಲಿನ ಆಮದುದಾರ ಮಾಡಬೇಕು, ಇಲ್ಲವೆ ‘ಓನ್ಲಿ ರೆಪ್ರೆಸೆಂಟೇಟಿವ್’ ಎಂಬ ಪ್ರತಿನಿಧಿಯನ್ನು ಅಲ್ಲಿಯೇ ನೇಮಿಸಬೇಕು.

ಡೊಂಬಿವಲಿಯ ಸಣ್ಣ ಕಾರ್ಖಾನೆಗೆ ಇದರ ಅರ್ಥವೇನು? ವರ್ಷಕ್ಕೆ ಸಾವಿರ ಟನ್ ಮೀರಿದ ವಸ್ತುವಿಗೆ ಮೂಲ ನೋಂದಣಿ ಶುಲ್ಕವೇ 2008ರಲ್ಲಿ 31,000 ಯೂರೋ ಇತ್ತು. ಹತ್ತು ಟನ್ನಿನ ಒಳಗಿನದಕ್ಕೆ 1,600. ಸಣ್ಣ ಉದ್ದಿಮೆಗಳಿಗೆ ರಿಯಾಯಿತಿ ಇತ್ತೆಂಬುದು ನಿಜ. ಆದರೆ ನಿಜವಾದ ಖರ್ಚು ಶುಲ್ಕದಲ್ಲಿರಲಿಲ್ಲ. ಪರೀಕ್ಷೆಗಳ ಮಾಹಿತಿ ಅದನ್ನು ಮಾಡಿಸಿದ ದೊಡ್ಡ ಕಂಪನಿಗಳ ಕೈಯಲ್ಲಿತ್ತು. ಅದನ್ನು ಬಳಸಲು ಪಾಲಿನ ಹಣ ತೆತ್ತು ಅನುಮತಿ ಪತ್ರ ಪಡೆಯಬೇಕಾಗಿತ್ತು. ಜ್ಞಾನಕ್ಕೆ ಬೆಲೆ ಬಂದಿತು, ಆ ಬೆಲೆಯನ್ನು ನಿಗದಿ ಮಾಡುವವನು ಪೈಪೋಟಿಗಾರನೇ ಆಗಿದ್ದ.

ಮೊದಲ ಹಂತ ಪೂರ್ವ ನೋಂದಣಿಯದು. 2008ರ ಜೂನ್ 1ರಿಂದ ಡಿಸೆಂಬರ್ 1ರವರೆಗೆ ಕಾಲಾವಕಾಶ. ಈ ಆರು ತಿಂಗಳಲ್ಲಿ ಹೆಸರು ದಾಖಲಿಸಿದವರಿಗೆ ಮುಂದೆ 2010, 2013, 2018ರವರೆಗಿನ ಗಡುವುಗಳ ಅನುಕೂಲವಿತ್ತು. ತಪ್ಪಿಸಿಕೊಂಡವರಿಗೆ ಆ ಸೌಲಭ್ಯ ಸುಲಭವಾಗಿ ದಕ್ಕುವಂತಿರಲಿಲ್ಲ. ಪೇಟೆಯ ಹೆಸರಿನಲ್ಲಿ ಮಾರುತ್ತ ಬಂದ ಬಣ್ಣಕ್ಕೆ ಅಂತರರಾಷ್ಟ್ರೀಯ ಸಂಖ್ಯೆ ಯಾವುದೆಂದು ಗುರುತಿಸುವುದೇ ಹಲವರಿಗೆ ಮೊದಲ ಪಾಠವಾಯಿತು. ಆ ವರ್ಷ ಹೆಲ್ಸಿಂಕಿಗೆ ಬಂದ ಪೂರ್ವ ನೋಂದಣಿಗಳು 27 ಲಕ್ಷದಷ್ಟು. ಗಡುವಿನ ಕೊನೆಯ ವಾರದಲ್ಲಿಯೇ, ನವೆಂಬರ್ 26ರ ರಾತ್ರಿ, ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿ ನಡೆಯಿತು. ಮೂರು ದಿನ ದಕ್ಷಿಣ ಮುಂಬಯಿ ಗುಂಡಿನ ಸದ್ದಿನಲ್ಲಿ ಮುಳುಗಿತ್ತು. ಡಿಸೆಂಬರ್ 1ರ ಗಡುವು ಬದಲಾಗಲಿಲ್ಲ.

ಈ ಕಾಲದಲ್ಲಿ ಸುದ್ದಿ ತಲುಪಿಸುವುದೇ ಒಂದು ಕಸುಬಾಯಿತು. 1963ರಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿರುವ ರಾಸಾಯನಿಕ ರಫ್ತು ಉತ್ತೇಜನ ಮಂಡಳಿ ಕೆಮೆಕ್ಸಿಲ್ ತನ್ನ ಸದಸ್ಯರಿಗೆ ಸುತ್ತೋಲೆಗಳನ್ನು ಕಳಿಸುತ್ತ, ಸಭೆಗಳನ್ನು ನಡೆಸುತ್ತ ಬಂದಿದೆ. ಆಚಾರ್ಯ ಪ್ರಫುಲ್ಲಚಂದ್ರ ರೇ ಅವರ ಪ್ರೇರಣೆಯಿಂದ 1938ರಲ್ಲಿ ಕಲ್ಕತ್ತದಲ್ಲಿ ಆರಂಭವಾಗಿ ಇಂದು ಮುಂಬಯಿಯಲ್ಲಿ ಮುಖ್ಯ ಕಚೇರಿ ಹೊಂದಿರುವ ಇಂಡಿಯನ್ ಕೆಮಿಕಲ್ ಕೌನ್ಸಿಲ್ ಇದೇ ಕೆಲಸದಲ್ಲಿ ತೊಡಗಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ ಇಂಥ ನಿಯಮಗಳ ಕರಡನ್ನು ಸದಸ್ಯ ದೇಶಗಳಿಗೆ ಮುಂಚಿತವಾಗಿ ತಿಳಿಸಬೇಕು. ಅಲ್ಲಿಯ ಸಮಿತಿಯಲ್ಲಿ ಭಾರತ ರೀಚ್ ಬಗ್ಗೆ ತನ್ನ ಆತಂಕವನ್ನು ಮತ್ತೆ ಮತ್ತೆ ದಾಖಲಿಸಿತು. ಇವುಗಳ ನಡುವೆ, ನಿಯಮ ಓದಿ ಅರ್ಥ ಹೇಳುವ ಸಲಹೆಗಾರರ ಹೊಸ ವರ್ಗವೊಂದು ಬೆಳೆಯಿತು.

ನಿಯಮವಾದರೂ ಒಂದೆಡೆ ನಿಲ್ಲುವಂಥದ್ದಲ್ಲ. 2008ರ ಅಕ್ಟೋಬರಿನಲ್ಲಿ ಅತಿ ಕಳವಳಕಾರಿ ವಸ್ತುಗಳ ಮೊದಲ ಪಟ್ಟಿ ಬಂದಾಗ ಅದರಲ್ಲಿದ್ದದ್ದು 15 ಹೆಸರು. ಇಂದು ಅದು 240ನ್ನು ದಾಟಿದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆಳೆಯುತ್ತದೆ. 2009ರಲ್ಲಿ ವರ್ಗೀಕರಣ ಮತ್ತು ಚೀಟಿ ಅಂಟಿಸುವ ಹೊಸ ನಿಯಮ ಬಂದು, ಕಿತ್ತಳೆ ಬಣ್ಣದ ಹಳೆಯ ಚೌಕಗಳ ಜಾಗದಲ್ಲಿ ಕೆಂಪು ಅಂಚಿನ ವಜ್ರಾಕಾರದ ಚಿಹ್ನೆಗಳು ಹಂತಹಂತವಾಗಿ ಬಂದವು. 2015ರ ಮೇ ತಿಂಗಳಿನಿಂದ ಚರ್ಮದ ವಸ್ತುಗಳಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಕಿಲೋಗೆ ಮೂರು ಮಿಲಿಗ್ರಾಂ ಮೀರಬಾರದೆಂದಾಯಿತು. ಧಾರಾವಿಯಲ್ಲಿ ಹೊಲಿದ ಚೀಲವೂ ಯೂರೋಪಿಗೆ ಹೋಗಬೇಕಾದರೆ ಈ ಲೆಕ್ಕಕ್ಕೆ ತಲೆಬಾಗಲೇಬೇಕು. ಯೂರೋಪನ್ನೇ ಬಿಟ್ಟು ಬೇರೆ ದೇಶಗಳಿಗೆ ಮಾರೋಣವೆಂದರೆ ದಕ್ಷಿಣ ಕೊರಿಯ 2015ರಲ್ಲಿ, ಟರ್ಕಿ 2017ರಲ್ಲಿ ಇದೇ ಮಾದರಿಯ ನಿಯಮ ತಂದವು. ಒಕ್ಕೂಟ ಬಿಟ್ಟ ಬ್ರಿಟನ್ 2021ರಿಂದ ತನ್ನದೇ ರೀಚ್ ನಡೆಸುತ್ತಿದೆ. ಭಾರತದ್ದೇ ಆದ ಇಂಥ ನಿಯಮ ಹಲವು ವರ್ಷಗಳಿಂದ ಕರಡಿನ ರೂಪದಲ್ಲಿ ಸುತ್ತುತ್ತಿದೆ.

೫

ಹೀಗೆ ನೋಡಿದರೆ ಸುದ್ದಿಯ ದಾರಿ ಈಗ ಹಿಂದೆಂದಿಗಿಂತ ಸುಗಮ. ಹೆಲ್ಸಿಂಕಿಯಲ್ಲಿ ಬೆಳಿಗ್ಗೆ ಪ್ರಕಟವಾದ ಪಟ್ಟಿ ಸಂಜೆಯೊಳಗೆ ಮುಂಬಯಿಯ ರಫ್ತು ವಿಭಾಗದ ಮೇಜಿನ ಮೇಲಿರುತ್ತದೆ. ಅಲ್ಲಿಂದ ತೊಟ್ಟಿಯವರೆಗಿನ ನೂರು ಗಜದ ದಾರಿ ಮಾತ್ರ ಹಿಂದಿನಂತೆಯೇ ದೀರ್ಘವಾಗಿದೆ.

ಪ್ರತಿ ಅಪಾಯಕಾರಿ ವಸ್ತುವಿನೊಡನೆ ಸುರಕ್ಷತಾ ಮಾಹಿತಿ ಪತ್ರವೊಂದು ಸಾಗುತ್ತದೆ. ಹದಿನಾರು ಭಾಗಗಳಿರುವ ಈ ಪತ್ರದಲ್ಲಿ ವಸ್ತು ಯಾವುದು, ಮೈಗೆ ತಾಗಿದರೆ ಏನಾಗುತ್ತದೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಎಂಥ ಕೈಗವಸು ತೊಡಬೇಕು ಎಂಬುದೆಲ್ಲ ಇರುತ್ತದೆ. ಯೂರೋಪಿನ ಕಾಯಿದೆಯ ಪ್ರಕಾರ ಇದು ವಸ್ತು ಮಾರಾಟವಾಗುವ ದೇಶದ ಅಧಿಕೃತ ಭಾಷೆಯಲ್ಲಿರಬೇಕು. ಅಪಾಯ ಸೂಚಿಸುವ ವಾಕ್ಯಗಳನ್ನಂತೂ ವರ್ಗೀಕರಣದ ನಿಯಮ ತನ್ನ ಅನುಬಂಧದಲ್ಲಿ ಒಕ್ಕೂಟದ ಎಲ್ಲ ಭಾಷೆಗಳಲ್ಲೂ ಅಚ್ಚುಹಾಕಿ ಕೊಟ್ಟಿದೆ. ಐದು ಲಕ್ಷದಷ್ಟು ಜನ ಆಡುವ ಮಾಲ್ಟೀಸ್ ಭಾಷೆಗೂ ಅಲ್ಲಿ ಸಾಲು ಮೀಸಲಿದೆ. ಅಂಬರನಾಥದಲ್ಲಿ ತಯಾರಾದ ಪುಡಿ ಮಾಲ್ಟಾದ ಗೋದಾಮು ಸೇರಿದರೆ ಅಲ್ಲಿಯ ಕೆಲಸಗಾರನಿಗೆ ತನ್ನ ಭಾಷೆಯಲ್ಲಿ ಅದರ ಗುಣದೋಷ ತಿಳಿಯುತ್ತದೆ. ಆ ಪುಡಿಯನ್ನು ಸಲಿಕೆಯಿಂದ ಡ್ರಮ್ಮಿಗೆ ತುಂಬಿದವನಿಗೆ?

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 108ನೆಯ ಕಲಮಿನಂತೆ ಕಾರ್ಖಾನೆಯಲ್ಲಿ ಪ್ರಕಟಿಸಬೇಕಾದ ಸೂಚನೆಗಳು ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕಾಗಿತ್ತು. 1984ರ ಭೋಪಾಲ ದುರಂತದ ಬಳಿಕ, 1987ರಲ್ಲಿ, ಅದೇ ಕಾಯಿದೆಗೆ 41ಬಿ ಎಂಬ ಕಲಮು ಸೇರಿತು. ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವುದು ಅದರಂತೆ ಮಾಲೀಕನ ಹೊಣೆಯಾಗಿತ್ತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಮಾಹಿತಿ ಪತ್ರವನ್ನು ಕಡ್ಡಾಯಗೊಳಿಸಿದವು. ಆದರೆ ಯೂರೋಪಿನ ನಿಯಮದಲ್ಲಿರುವಂತೆ ಭಾಷೆಭಾಷೆಗಳ ಸಿದ್ಧ ವಾಕ್ಯಗಳ ಅನುಬಂಧ ಅವುಗಳಲ್ಲಿಲ್ಲ. ಮರಾಠಿ, ಹಿಂದಿ, ಕನ್ನಡ, ಒಡಿಯಾ ಆಡುವವರು ಒಂದೇ ಪಾಳಿಯಲ್ಲಿ ದುಡಿಯುವ ಊರಿನಲ್ಲಿ ‘ಹೆಚ್ಚಿನವರಿಗೆ ತಿಳಿಯುವ ಭಾಷೆ’ ಯಾವುದು? ಗುತ್ತಿಗೆದಾರ ಕರೆತಂದವನು ಆ ಎಣಿಕೆಯಲ್ಲಿ ಸೇರುತ್ತಾನೆಯೇ? ಗಿರಾಕಿ ಕೇಳುವ ಪ್ರಶ್ನೆಗೆ ನಲವತ್ತೈದು ದಿನದೊಳಗೆ ಉತ್ತರಿಸಬೇಕೆಂಬ ಗಡುವು ರೀಚ್ ನಿಯಮದಲ್ಲಿದೆ. ತೊಟ್ಟಿಯ ಬಳಿಯ ಮನುಷ್ಯ ಕೇಳಬಹುದಾದ ಪ್ರಶ್ನೆಗೆ ಅಂಥ ಗಡುವನ್ನು ಕಾಯುವವರು ಯಾರು?

ಇಲ್ಲಿ ಸಾಹಿತ್ಯದವರಾದ ನಮಗೂ ಒಂದು ಮಾತಿದೆ. ಯೂರೋಪಿನ ಅನುಬಂಧದಲ್ಲಿರುವ ವಾಕ್ಯವೊಂದನ್ನು ನಮ್ಮ ಕಚೇರಿ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ದೀರ್ಘಕಾಲಿಕ ಅಥವಾ ಪುನರಾವರ್ತಿತ ಒಡ್ಡುವಿಕೆಯ ಮೂಲಕ ಅಂಗಾಂಗಗಳಿಗೆ ಹಾನಿ ಸಂಭವಿಸಬಹುದು.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಕಲಬುರಗಿಯ ಕಡೆಯಿಂದ ಬಂದ ಕೂಲಿಯವನಿಗೆ ಇದು ಇಂಗ್ಲಿಷಿನಷ್ಟೇ ದೂರ. ‘ಈ ಪುಡಿ ದಿನಾ ಮೈಗೆ, ಉಸಿರಿಗೆ ತಾಗುತ್ತಿದ್ದರೆ ದೇಹದ ಒಳಗಿನ ಅಂಗಗಳು ಕೆಡಬಹುದು’ ಎಂದರೆ ಅವನಿಗೆ ತಿಳಿಯುತ್ತದೆ. ಎರಡು ವಾಕ್ಯಗಳ ನಡುವಿನ ಅಂತರ ಶೈಲಿಗೆ ಸಂಬಂಧಿಸಿದ್ದಷ್ಟೇ ಆಗಿ ಉಳಿಯುವುದಿಲ್ಲ. ಮೊದಲನೆಯದು ನಿಯಮವನ್ನು ಪಾಲಿಸಿದ ದಾಖಲೆಯಾಗುತ್ತದೆ, ಎರಡನೆಯದು ಅವನು ಕೈಗವಸು ಕೇಳಲು ಕಾರಣವಾಗುತ್ತದೆ. ಇದು ಮುಂಬಯಿಗೆ ಸೀಮಿತವಾದ ಮಾತೂ ಅಲ್ಲ. ನಂಜನಗೂಡು, ಬೈಕಂಪಾಡಿ, ಬೀದರಿನ ಕೊಳಾರ, ಹುಮನಾಬಾದುಗಳ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಿಗೂ ಇದು ಅನ್ವಯಿಸುತ್ತದೆ.

ರೇನ್ ಕಂಡ ರೋಗಕ್ಕೆ ನಮ್ಮ ಕಾನೂನಿನಲ್ಲೂ ಹೆಸರಿದೆ. ಕಾರ್ಮಿಕರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿ ಮೂತ್ರಕೋಶದ ಒಳಪದರದ ಗೆಡ್ಡೆಯನ್ನು ವೃತ್ತಿಜನ್ಯ ರೋಗವೆಂದು ಒಪ್ಪಿಕೊಂಡಿತ್ತು. ಊರಿಗೆ ಮರಳಿದ ಕಾರ್ಮಿಕನೊಬ್ಬ ಜಿಲ್ಲಾ ಆಸ್ಪತ್ರೆಯ ವೈದ್ಯರ ಮುಂದೆ ಕುಳಿತಾಗ, ‘ಮುಂಬಯಿಯಲ್ಲಿ ಏನು ಕೆಲಸ ಮಾಡುತ್ತಿದ್ದೆ?’ ಎಂದು ಅವರು ಕೇಳಬಹುದು. ‘ಬಣ್ಣದ ಕಂಪನಿಯಲ್ಲಿದ್ದೆ’ ಎಂದು ಅವನು ಹೇಳಬಹುದು. ಆ ಉತ್ತರದಿಂದ ರೋಗಕ್ಕೂ ಕೆಲಸಕ್ಕೂ ಇರುವ ನಂಟು ಸಾಬೀತಾಗುವುದಿಲ್ಲ, ಪರಿಹಾರವೂ ಸಿಗುವುದಿಲ್ಲ. ಅದಕ್ಕೆ ತೊಟ್ಟಿಯಲ್ಲಿ ಇದ್ದದ್ದು ಯಾವ ಅಮೈನ್ ಎಂಬುದು ಬೇಕು. ಆ ಹೆಸರು ಹ್ಯಾಂಬರ್ಗಿನ ಅಂಗಡಿಗೆ ಗೊತ್ತು, ಹೆಲ್ಸಿಂಕಿಯ ಕಡತಕ್ಕೆ ಗೊತ್ತು, ಮುಂಬಯಿಯ ರಫ್ತು ವಿಭಾಗಕ್ಕೂ ಗೊತ್ತು. ಅದನ್ನು ಅವನ ಭಾಷೆಯಲ್ಲಿ ಬರೆದ ಒಂದು ಚೀಟಿ ಅವನ ಜೇಬಿನಲ್ಲಿ ಇರುವವರೆಗೆ ಸುದ್ದಿ ತಲುಪಿತೆಂದು ಹೇಳಲಾಗದು.